ಭಯಕ್ಕೂ ಒಂದು ತಾಲೀಮು

ಮಳೆಗಾಲದಲ್ಲಿ ಮೈಸೂರು ಜಿಲ್ಲೆಯ ಚುಂಚನಕಟ್ಟೆಗೆ ಮೊದಲ ಸಲ ಬಂದವರಿಗೆ ನೀರು ಕಾಣುವ ಮೊದಲೇ ಅದರ ಮೊರೆತ ಕೇಳುತ್ತದೆ. ಕಾವೇರಿ ಇಲ್ಲಿ ಬಂಡೆಗಳ ನಡುವೆ ಕವಲೊಡೆದು ಸುಮಾರು 60 ಅಡಿ ಕೆಳಕ್ಕೆ ಧುಮುಕುತ್ತಾಳೆ. ಪಕ್ಕದಲ್ಲಿದ್ದವರ ಜೊತೆ ಮಾತಾಡಲೂ ದನಿ ಏರಿಸಬೇಕು. ಅಲ್ಲೇ ವರ್ಷಗಟ್ಟಲೆ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡವರಿಗೆ ಮಾತ್ರ ಆ ಸದ್ದು ಇದೆಯೆಂಬುದೇ ಮರೆತುಹೋಗಿರುತ್ತದೆ. ಕೋದಂಡರಾಮ ದೇವಸ್ಥಾನದ ಗರ್ಭಗುಡಿಯೊಳಗೆ ಜಲಪಾತದ ಭೋರ್ಗರೆತ ಕೇಳಿಸುವುದಿಲ್ಲ ಎಂಬುದು ಊರಿನ ಪ್ರತೀತಿ. ಗರ್ಭಗುಡಿಯ ಮಾತು ಸ್ಥಳಪುರಾಣಕ್ಕಿರಲಿ, ಅಂಗಡಿಯವರ ಕಿವಿಯ ವಿಷಯದಲ್ಲಿ ಪವಾಡವೇನೂ ಇಲ್ಲ. ಕೇಡು ಮಾಡದ ಸದ್ದು ಮತ್ತೆ ಮತ್ತೆ ಬಂದರೆ ನರಮಂಡಲ ಅದಕ್ಕೆ ಉತ್ತರ ಕೊಡುವುದನ್ನು ಕಡಿಮೆ ಮಾಡುತ್ತದೆ. ನಾವು ಇದನ್ನೇ ರೂಢಿಯಾಗುವುದು ಎನ್ನುತ್ತೇವೆ.

ಇದೇ ಊರಿನಲ್ಲಿ, ಇದೇ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಲ್ಲೂ ನೀರು ಕಂಡರೆ ಮೈ ಬೆವರುವವರು ಇರಬಹುದು. ಅಂಥವರು ಸೋಪಾನ ಇಳಿಯುವುದಿಲ್ಲ, ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ, ಮದುವೆ ದಿಬ್ಬಣ ಹೊಳೆ ದಾಟಿ ಹೋಗಬೇಕೆಂದರೆ ಏನೋ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಸದ್ದಿಗೆ ಕಿವಿ ರೂಢಿಯಾದಂತೆ ನೀರಿಗೆ ಮನಸ್ಸು ಏಕೆ ರೂಢಿಯಾಗಲಿಲ್ಲ? ಸದ್ದನ್ನು ಬಿಟ್ಟು ಓಡುವ ದಾರಿ ಅಂಗಡಿಯವರಿಗೆ ಇರಲಿಲ್ಲ, ಬೇಕೋ ಬೇಡವೋ ಅದರ ಜೊತೆಯಲ್ಲೇ ಇದ್ದರು. ನೀರಿಗೆ ಹೆದರಿದವರು ಪ್ರತಿಸಲವೂ ಸರಿದುಹೋದರು. ಭಯದ ಚಿಕಿತ್ಸೆಯಲ್ಲಿ ಕಳೆದ ನೂರು ವರ್ಷಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾಗಿ ಗೆದ್ದಿರುವ ಪದ್ಧತಿ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ವೈದ್ಯರು ಇದನ್ನು ಎಕ್ಸ್‌ಪೋಶರ್ ಥೆರಪಿ ಎನ್ನುತ್ತಾರೆ. ಹೆದರಿಸುವ ವಸ್ತುವನ್ನು ಸಣ್ಣದರಿಂದ ಶುರುಮಾಡಿ ಹಂತಹಂತವಾಗಿ ಎದುರಿಸುವುದೇ ಅದರ ತಿರುಳು.

ಯಾವುದು ಭಯ, ಯಾವುದು ಕಾಯಿಲೆ?

ಎಲ್ಲ ಭಯಕ್ಕೂ ಮದ್ದು ಬೇಕಿಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಕತ್ತಲಾದ ಮೇಲೆ ಜಮೀನಿಗೆ ಹೋಗಲು ಹೆದರುವ ರೈತ ಕಾಯಿಲೆಯವನಲ್ಲ. ಆನೆಯೂ ಹುಲಿಯೂ ನಿಜಕ್ಕೂ ಇರುವ ಜಾಗದಲ್ಲಿ ಆ ಭಯ ಪ್ರಾಣ ಉಳಿಸುತ್ತದೆ. ತುಂಬಿದ ಕಾವೇರಿಯ ಸುಳಿಗೆ ಹೆದರುವುದೂ ಬುದ್ಧಿವಂತಿಕೆಯೇ. ಜಲಪಾತದ ಪಾಚಿಗಟ್ಟಿದ ಬಂಡೆ ಯಾರ ಧೈರ್ಯ ಪರೀಕ್ಷೆಗೂ ತಕ್ಕ ಜಾಗವಲ್ಲ.

ಭಯ ಕಾಯಿಲೆಯಾಯಿತೇ ಎಂದು ತಿಳಿಯಲು ವೈದ್ಯರು ಮುಖ್ಯವಾಗಿ ಮೂರು ವಿಷಯ ನೋಡುತ್ತಾರೆ. ಅಪಾಯದ ಅಳತೆಗೂ ಭಯದ ಅಳತೆಗೂ ತಾಳೆಯಾಗುತ್ತದೆಯೇ ಎಂಬುದು ಮೊದಲನೆಯದು. ಎರಡನೆಯದು ಕಾಲ: ಸಾಮಾನ್ಯವಾಗಿ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಅದು ಉಳಿದುಕೊಂಡಿದೆಯೇ? ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಅದರಿಂದ ಓದು, ದುಡಿಮೆ, ನಂಟಸ್ತಿಕೆ, ಓಡಾಟ ಇವುಗಳಿಗೆ ಅಡ್ಡಿಯಾಗುತ್ತಿದೆಯೇ? ಓಣಿಯ ನಾಯಿಗೆ ಹೆದರಿ ಹುಡುಗ ಶಾಲೆಯನ್ನೇ ಬಿಟ್ಟರೆ, ಸೂಜಿಗೆ ಹೆದರಿ ಬಸುರಿ ಹೆಣ್ಣುಮಗಳು ರಕ್ತಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಅದು ಫೋಬಿಯಾ.

ಫೋಬಿಯಾದ ಬಗೆಗಳು ಹಲವು. ಹಾವು, ನಾಯಿ, ಹಲ್ಲಿ, ಜಿರಳೆಯಂಥ ಪ್ರಾಣಿಗಳ ಭಯ. ಎತ್ತರ, ನೀರು, ಗುಡುಗು–ಸಿಡಿಲಿನ ಭಯ. ರಕ್ತ, ಗಾಯ, ಇಂಜೆಕ್ಷನ್‌ಗಳ ಭಯ. ಲಿಫ್ಟ್, ಬಸ್ಸು, ಸುರಂಗದಂಥ ಮುಚ್ಚಿದ ಜಾಗಗಳ ಭಯ. ಇವುಗಳ ಜೊತೆಗೆ, ನಾಲ್ಕು ಜನರೆದುರು ಮಾತಾಡಲು, ಉಣ್ಣಲು, ಸಹಿ ಹಾಕಲೂ ಕೈ ನಡುಗಿಸುವ ಸಾಮಾಜಿಕ ಆತಂಕವಿದೆ. ಸಿಡಿಲಿನಂತೆ ಎರಗುವ ಪ್ಯಾನಿಕ್ ಇದೆ. ಆ ಪ್ಯಾನಿಕ್ ಎಲ್ಲಿ ಮರುಕಳಿಸುವುದೋ ಎಂದು ಸಂತೆ, ಜಾತ್ರೆ, ಬಸ್ಸುಗಳಿಂದ ದೂರ ಉಳಿಯುವ ಭಯವೂ ಇದೆ.

ನೆಮ್ಮದಿಯ ಸಾಲ

ಹುಣಸೂರಿನ ಒಬ್ಬ ಹೆಣ್ಣುಮಗಳಿದ್ದಾಳೆ ಎಂದುಕೊಳ್ಳಿ. ಒಂದು ಸೋಮವಾರ ಬೆಳಿಗ್ಗೆ ಕಿಕ್ಕಿರಿದ ಮೈಸೂರು ಬಸ್ಸಿನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಎದೆ ಡವಗುಟ್ಟಿತು, ಉಸಿರು ಕಟ್ಟಿದಂತಾಯಿತು, ಸತ್ತೇಹೋಗುತ್ತೇನೆ ಅನ್ನಿಸಿತು. ಬಿಳಿಕೆರೆಯಲ್ಲೇ ಇಳಿದುಬಿಟ್ಟಳು. ಇಳಿದ ಎರಡು ನಿಮಿಷಕ್ಕೆ ಎಲ್ಲ ಸರಿಹೋಯಿತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ಹೃದಯ ಚೆನ್ನಾಗಿದೆ ಎಂದರು. ಆದರೂ ಮುಂದಿನ ವಾರ ಬಸ್‌ಸ್ಟ್ಯಾಂಡ್ ಕಂಡಾಗಲೇ ಹೊಟ್ಟೆ ತೊಳೆಸಿತು. “ಇವತ್ತು ಬೇಡ” ಎಂದು ಮನೆಗೆ ಮರಳಿದಳು. ಮನೆ ಬಾಗಿಲು ದಾಟಿದ ಕ್ಷಣ ಎಂಥ ಹಗುರ!

ತೊಂದರೆ ಬೇರು ಬಿಡುವುದು ಆ ಹಗುರದಲ್ಲಿ. ಓಡಿಬಂದದ್ದಕ್ಕೆ ಮನಸ್ಸಿಗೆ ಕೂಡಲೇ ಸಿಗುವ ಕೂಲಿ ಅದು. ಕೂಲಿ ಸಿಕ್ಕ ಕೆಲಸವನ್ನು ಮನಸ್ಸು ಮತ್ತೆ ಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ಒ. ಹೋಬಾರ್ಟ್ ಮೌರರ್ 1947ರಲ್ಲಿ ಇದನ್ನು ಎರಡು ಹೆಜ್ಜೆಗಳಲ್ಲಿ ವಿವರಿಸಿದರು. ಒಂದು ವಸ್ತುವಿಗೂ ಭಯಕ್ಕೂ ಗಂಟು ಬೀಳುವುದು ಮೊದಲ ಹೆಜ್ಜೆ. ಆ ವಸ್ತುವಿನಿಂದ ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಗಂಟನ್ನು ಬಿಗಿಮಾಡುವುದು ಎರಡನೆಯದು. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಇದನ್ನು ಸಾಲದ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾದೀತು. ಇವತ್ತಿನ ನೆಮ್ಮದಿ ಕೈಗೆ ಬಂದ ಸಾಲ, ನಾಳೆಯ ಹೆಚ್ಚಿದ ಭಯ ಅದರ ಬಡ್ಡಿ. ಬಡ್ಡಿ ಬೆಳೆದಂತೆ ಬದುಕು ಕಿರಿದಾಗುತ್ತದೆ. ಮೊದಲು ಬಸ್ಸು ಬೇಡ, ಆಮೇಲೆ ಸಂತೆ ಬೇಡ, ಕೊನೆಗೆ ಬೀದಿಯೂ ಬೇಡ.

ಓಡಿಹೋಗದೆಯೂ ಓಡಿಹೋಗುವ ಬಗೆಗಳಿವೆ. ಬಸ್ಸು ಹತ್ತುತ್ತಾಳೆ, ಆದರೆ ಬಾಗಿಲ ಪಕ್ಕದ ಸೀಟೇ ಬೇಕು. ಕೈಯಲ್ಲಿ ನೀರಿನ ಬಾಟಲಿ, ಸೆರಗಿನ ಗಂಟಿನಲ್ಲಿ ಮಾತ್ರೆ, ಕೊರಳಲ್ಲಿ ತಾಯಿತ, ಜೊತೆಗೆ ಮಗ. ಕ್ಷೇಮವಾಗಿ ಮೈಸೂರು ತಲುಪಿದರೂ “ಬಸ್ಸು ಅಪಾಯವಲ್ಲ” ಎಂಬ ಪಾಠ ಮನಸ್ಸಿಗೆ ಇಳಿಯುವುದಿಲ್ಲ. “ಬಾಟಲಿ ಇತ್ತು, ಮಗ ಇದ್ದ, ಅದಕ್ಕೆ ಬಚಾವಾದೆ” ಎಂಬ ಲೆಕ್ಕ ಉಳಿಯುತ್ತದೆ. ತಾಯಿತದ ಮೇಲಿನ ನಂಬಿಕೆ ಅವರವರದು. ಅದಿಲ್ಲದೆ ಹೊಸಿಲು ದಾಟಲು ಆಗದು ಎಂದಾದರೆ ಮಾತ್ರ ಅದು ಊರುಗೋಲಾಗಿದೆ ಎಂದು ತಿಳಿಯಬೇಕು.

ವೀರನಹೊಸಹಳ್ಳಿಯಿಂದ ಅರಮನೆಗೆ

ಭಯವನ್ನು ಹಂತಹಂತವಾಗಿ ಇಳಿಸುವುದನ್ನು ಕಣ್ಣಾರೆ ನೋಡಬೇಕೆಂದರೆ ಈ ಸೀಮೆಯವರು ದೂರ ಹೋಗಬೇಕಿಲ್ಲ. ಪ್ರತಿವರ್ಷ ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಹೆಗ್ಗಡದೇವನಕೋಟೆಯ ಬಳ್ಳೆ, ಭೀಮನಕಟ್ಟೆ, ನಾಗರಹೊಳೆಯ ಮತ್ತಿಗೋಡು, ಕೊಡಗಿನ ದುಬಾರೆಯಂಥ ಶಿಬಿರಗಳಲ್ಲಿ ಕಾಡಿನ ತಂಪಿನಲ್ಲಿದ್ದ ಆನೆಗಳು ಮೈಸೂರಿನ ಗದ್ದಲಕ್ಕೆ ಬರುತ್ತವೆ. ವಿಜಯದಶಮಿಯ ದಿನ ಅವು ಲಕ್ಷಾಂತರ ಜನರ ನಡುವೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯಬೇಕು. ಅಂಬಾರಿಯಲ್ಲಿರುವ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ನಡೆಯುವಾಗ, ರಾಷ್ಟ್ರಗೀತೆ ಮೊಳಗುತ್ತಿರುವ ಹೊತ್ತಿನಲ್ಲೇ, ಏಳು ಪಿರಂಗಿಗಳು ಮೂರು ಸುತ್ತಿನಲ್ಲಿ 21 ಕುಶಾಲತೋಪು ಹಾರಿಸುತ್ತವೆ. ನೆಲ ಅದುರುವ ಆ ಸದ್ದಿಗೆ ಒಂದು ಆನೆ ಬೆದರಿ ಓಡಿದರೂ ಅನಾಹುತ.

ಹಾಗಾಗದಂತೆ ನೋಡಿಕೊಳ್ಳಲು ಆನೆಗಳನ್ನು ವಾರಗಟ್ಟಲೆ ಅಣಿಗೊಳಿಸುತ್ತಾರೆ. ಬಂದ ಕೆಲವು ದಿನಗಳಲ್ಲೇ ನಡಿಗೆಯ ತಾಲೀಮು ಶುರು. ವಾಹನಗಳ ಹಾರ್ನು, ದೀಪ, ಜನಸಂದಣಿ ಎಲ್ಲವೂ ಆನೆಗೆ ಪರಿಚಯವಾಗಬೇಕು. ಆಮೇಲೆ ಭಾರ ಹೊರುವ ತಾಲೀಮು. ಗಾದಿ, ನಮ್ದಾ ಕಟ್ಟಿ ಮರಳಿನ ಮೂಟೆಗಳನ್ನು ಹೇರಿ, ದಿನ ಕಳೆದಂತೆ ತೂಕ ಏರಿಸುತ್ತಾರೆ. ಮುಂದೆ ಮರದ ಅಂಬಾರಿ, ಕಡೆಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ. ನಡುವೆ ಸಿಡಿಮದ್ದಿನ ತಾಲೀಮು. ಪಿರಂಗಿಗಳಲ್ಲಿ ಗುಂಡಿಲ್ಲದೆ ಮದ್ದನ್ನಷ್ಟೇ ತುಂಬಿ ಪೊಲೀಸ್ ಸಿಬ್ಬಂದಿ ಹಾರಿಸುತ್ತಾರೆ. ಆನೆಗಳನ್ನೂ ಅಶ್ವದಳದ ಕುದುರೆಗಳನ್ನೂ ಮೊದಲು ದೂರದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಹಲವು ದಸರೆ ಕಂಡ ಹಿರಿಯ ಆನೆಗಳು ಕಿವಿ ಬೀಸುತ್ತಾ ನಿಂತೇ ಇರುತ್ತವೆ. ಹೊಸದಾಗಿ ಬಂದವು ಬೆಚ್ಚುತ್ತವೆ, ಹಿಂದಕ್ಕೆ ಸರಿಯುತ್ತವೆ, ಘೀಳಿಡುತ್ತವೆ. ಮಾವುತ, ಕಾವಾಡಿಗರು ಮೈ ಸವರುತ್ತಾ ಮಾತಾಡಿಸುತ್ತಾ ಜೊತೆಯಲ್ಲೇ ಇರುತ್ತಾರೆ. ಕೆಲವು ದಿನ ಬಿಟ್ಟು ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ ತಾಲೀಮು. ಮೊದಲ ದಿನ ಬೆಚ್ಚಿದ ಆನೆ ಮೂರನೆಯ ತಾಲೀಮಿಗೆ ಬರೀ ಕಿವಿ ನಿಮಿರಿಸಿ ಸುಮ್ಮನಾಗುವುದುಂಟು.

ಭಯದ ಚಿಕಿತ್ಸೆಯ ಪಠ್ಯಪುಸ್ತಕದಲ್ಲಿರುವ ಅಂಶಗಳೆಲ್ಲ ಹೆಚ್ಚುಕಡಿಮೆ ಈ ತಾಲೀಮಿನಲ್ಲಿವೆ. ಮೊದಲು ದೂರ, ಆಮೇಲೆ ಹತ್ತಿರ. ಮೊದಲು ಹಗುರ, ಆಮೇಲೆ ಭಾರ. ಹೆದರದವರ ಸಂಗ, ನಂಬಿದವರ ದನಿ. ಬೆಚ್ಚಿದ ಕೂಡಲೇ ಕರೆದೊಯ್ಯದೆ ತಣ್ಣಗಾಗುವವರೆಗೆ ಅಲ್ಲೇ ಉಳಿಸುವುದು, ಮತ್ತೆ ಮತ್ತೆ ಮಾಡುವುದು. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಬಳ್ಳೆ ಶಿಬಿರದ ಅರ್ಜುನನಾಗಲಿ, 2020ರಿಂದ ಆ ಹೊಣೆ ಹೊತ್ತ ಮತ್ತಿಗೋಡಿನ ಅಭಿಮನ್ಯುವಾಗಲಿ “ಹೋದ ವರ್ಷವೇ ಕಲಿತಿದ್ದಾನೆ, ಈ ಸಲ ಬೇಡ” ಎಂದು ತಾಲೀಮು ತಪ್ಪಿಸಿಕೊಂಡವರಲ್ಲ. ಕಲಿತ ಧೈರ್ಯಕ್ಕೂ ಆಗಾಗ ಸಾಣೆ ಬೇಕು.

ಒಂದು ವ್ಯತ್ಯಾಸವನ್ನು ಮರೆಯಬಾರದು. ಸಿಡಿಮದ್ದಿನ ತಾಲೀಮಿನಲ್ಲಿ ಆನೆಯ ಕಾಲಿಗೆ ಸರಪಳಿ ಇರುತ್ತದೆ, ಅದರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಮನುಷ್ಯರ ಚಿಕಿತ್ಸೆಯಲ್ಲಿ ಸರಪಳಿಯ ಜಾಗದಲ್ಲಿ ಒಪ್ಪಿಗೆ ಇರಬೇಕು. ಯಾವ ಮೆಟ್ಟಿಲು, ಯಾವಾಗ, ಎಷ್ಟು ಹೊತ್ತು ಎಂಬುದನ್ನು ಹೆದರುವವರೇ ಒಪ್ಪಿ ನಿರ್ಧರಿಸಬೇಕು.

ಪೀಟರ್ ಮತ್ತು ಮೊಲ

ಈ ಪದ್ಧತಿಗೆ ವೈದ್ಯಶಾಸ್ತ್ರದ ಮೊಹರು ಬೀಳುವ ಮೊದಲೇ ಅದನ್ನು ತಮ್ಮ ಮೇಲೆ ತಾವೇ ಪ್ರಯೋಗಿಸಿಕೊಂಡವರಿದ್ದಾರೆ. ಜರ್ಮನ್ ಕವಿ ಗಯಟೆ ಸ್ಟ್ರಾಸ್‌ಬರ್ಗ್‌ನಲ್ಲಿ ಓದುತ್ತಿದ್ದಾಗ ಎತ್ತರಕ್ಕೂ ದೊಡ್ಡ ಸದ್ದಿಗೂ ಅಳುಕುತ್ತಿದ್ದರು. ಅಲ್ಲಿನ ಇಗರ್ಜಿಯ ಗೋಪುರದ ತುದಿಗೆ ಮತ್ತೆ ಮತ್ತೆ ಹತ್ತಿ ನಿಂತದ್ದನ್ನೂ ಸಂಜೆಯ ಹೊತ್ತು ಸೈನಿಕರ ನಗಾರಿಗಳ ಪಕ್ಕದಲ್ಲೇ ಬೇಕೆಂದು ನಡೆದದ್ದನ್ನೂ ಅವರು ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ.

ಪ್ರಯೋಗಾಲಯದ ಕತೆ ಒಂದು ಕ್ರೌರ್ಯದಿಂದ ಶುರುವಾಯಿತು. 1920ರಲ್ಲಿ ಮನೋವಿಜ್ಞಾನಿಗಳಾದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್, ಆಲ್ಬರ್ಟ್ ಎಂದು ಹೆಸರಿಸಿದ ಪುಟ್ಟ ಮಗುವಿಗೆ ಬಿಳಿ ಇಲಿ ತೋರಿಸಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಲ್ಲಿ ಬಡಿದರು. ಇಲಿಯೊಂದಿಗೆ ಆಡುತ್ತಿದ್ದ ಮಗು ಅದನ್ನು ಕಂಡರೆ ಅಳತೊಡಗಿತು. ಭಯವನ್ನು ಕಲಿಸಬಹುದು ಎಂದು ತೋರಿಸಿದ ಅವರು ಅದನ್ನು ಅಳಿಸುವ ಗೋಜಿಗೆ ಹೋಗಲಿಲ್ಲ.

ಅಳಿಸುವ ದಾರಿ ಹುಡುಕಿದವರು ಮೇರಿ ಕವರ್ ಜೋನ್ಸ್. ಅವರ ಬಳಿ ಬಂದ ಪೀಟರ್ ಎಂಬ ಹುಡುಗನಿಗೆ ಎರಡು ವರ್ಷ ಹತ್ತು ತಿಂಗಳು, ಮೊಲ ಕಂಡರೆ ಹೆದರಿಕೆ. ಹೆದರದ ಬೇರೆ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟು ಮೊಲವನ್ನು ತೋರಿಸುತ್ತಾ ಹೋದರು, ಭಯ ಇಳಿಯುತ್ತಾ ಬಂತು. ಅಷ್ಟರಲ್ಲಿ ಪೀಟರ್ ಜ್ವರ ಬಂದು ಆಸ್ಪತ್ರೆ ಸೇರಿದ. ಮರಳುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಹೆದರಿಸಿತು. ಕಲಿತದ್ದೆಲ್ಲ ನೀರುಪಾಲಾಗಿ ಭಯ ಮೊದಲಿದ್ದಲ್ಲಿಗೇ ಬಂತು. ಜೋನ್ಸ್ ಮತ್ತೆ ಶುರುಮಾಡಿದರು. ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಒಂದಿಷ್ಟು ಹತ್ತಿರ ತಂದರು. ಕೊನೆಗೆ ಪೀಟರ್ ಮೊಲಕ್ಕೆ ತನ್ನ ಬೆರಳನ್ನೇ ಮೆಲ್ಲಲು ಕೊಟ್ಟ. 1924ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಇಂದಿನ ರೋಗಿಗಳಿಗೂ ಬೇಕಾದ ಎರಡು ಸಂಗತಿಗಳಿವೆ. ಭಯ ಇಳಿಯುತ್ತದೆ. ಒಮ್ಮೊಮ್ಮೆ ಅದು ಮರಳುತ್ತದೆ, ಮರಳಿದ್ದನ್ನು ಮತ್ತೆ ಇಳಿಸಬಹುದು.

ದಕ್ಷಿಣ ಆಫ್ರಿಕಾದ ವೈದ್ಯ ಜೋಸೆಫ್ ವೋಲ್ಪೆ ಇದಕ್ಕೆ ಒಂದು ಶಿಸ್ತು ತಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಯುದ್ಧದ ಆಘಾತದಿಂದ ನಲುಗಿದ ಸೈನಿಕರನ್ನು ನೋಡಿದವರು ಅವರು. 1958ರಲ್ಲಿ ಬಂದ ಅವರ ಪುಸ್ತಕ ಹೊಸ ಕ್ರಮವೊಂದನ್ನು ಮುಂದಿಟ್ಟಿತು. ರೋಗಿಗೆ ಮೊದಲು ಮೈಯ ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿಸಬೇಕು. ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಪಟ್ಟಿ ಮಾಡಬೇಕು. ಮೈ ಸಡಿಲವಿರುವಾಗಲೇ ಒಂದೊಂದನ್ನು ಕಲ್ಪಿಸಿಕೊಳ್ಳಲು ಹೇಳಬೇಕು. ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುವ ರೂಢಿ ಬಂದದ್ದೂ ಅವರಿಂದಲೇ. ಸ್ನಾಯು ಸಡಿಲಿಸುವುದು ಅನಿವಾರ್ಯವಲ್ಲ, ಕಲ್ಪನೆಗಿಂತ ನಿಜವಾಗಿ ಎದುರಿಸುವುದೇ ಹೆಚ್ಚು ಫಲ ಕೊಡುತ್ತದೆ ಎಂದು ಮುಂದಿನ ಸಂಶೋಧನೆಗಳು ಕಂಡುಕೊಂಡವು. ಸ್ವೀಡನ್ನಿನ ಲಾರ್ಸ್ ಯೋರಾನ್ ಓಸ್ಟ್ 1989ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೇಡ, ಹಾವು, ಸೂಜಿಯಂಥ ಒಂದೇ ವಸ್ತುವಿನ ಭಯವನ್ನು ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್ಕಿನಲ್ಲಿ ಗಣನೀಯವಾಗಿ ಇಳಿಸಬಹುದೆಂದು ತೋರಿಸಿದರು.

ಏಣಿ ಕಟ್ಟುವ ಕ್ರಮ

ಹುಣಸೂರಿನ ಆ ಹೆಣ್ಣುಮಗಳಿಗೆ ಮರಳೋಣ. ಚಿಕಿತ್ಸಕರು ಮೊದಲು ಅವಳಿಂದಲೇ ಒಂದು ಪಟ್ಟಿ ಬರೆಸುತ್ತಾರೆ. ಪಟ್ಟಿ ಹೀಗಿರಬಹುದು:

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅರ್ಧ ಗಂಟೆ ಕೂರುವುದು — 25 ಅಂಕ.
ನಿಂತಿರುವ ಖಾಲಿ ಬಸ್ಸಿನಲ್ಲಿ ಹತ್ತಿ ಕೂರುವುದು — 35.
ಮಗನ ಜೊತೆ ಒಂದು ಸ್ಟಾಪ್ ಹೋಗಿ ಬರುವುದು — 45.
ಅದೇ ದೂರ ಒಬ್ಬಳೇ — 55.
ಒಬ್ಬಳೇ ಬಿಳಿಕೆರೆಯವರೆಗೆ — 70.
ಇಲವಾಲದವರೆಗೆ, ನಡುವಿನ ಸೀಟಿನಲ್ಲಿ — 80.
ಸೋಮವಾರ ಬೆಳಿಗ್ಗೆ ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಮೈಸೂರಿಗೆ — 100.

ಕೆಳಗಿನ ಮೆಟ್ಟಿಲು ತೀರಾ ಸುಲಭವೂ ಇರಬಾರದು, ಕೈಕಾಲು ಕಟ್ಟಿಹೋಗುವಷ್ಟು ಕಷ್ಟವೂ ಇರಬಾರದು. ಎದೆ ಸ್ವಲ್ಪ ಡವಗುಟ್ಟಬೇಕು. ಡವಗುಟ್ಟದಿದ್ದರೆ ಕಲಿಯುವುದೇನೂ ಇಲ್ಲ.

ಹತ್ತುವ ಮೊದಲು ಅವಳು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ: “ಇವತ್ತು ಏನಾಗುತ್ತದೆ ಎಂದು ನನ್ನ ಭಯ?” ಉತ್ತರ, “ಐದು ನಿಮಿಷದಲ್ಲಿ ತಲೆ ತಿರುಗಿ ಬೀಳುತ್ತೇನೆ.” ಇಳಿದ ಮೇಲೆ ಅದರ ಕೆಳಗೆ ನಡೆದದ್ದನ್ನು ಬರೆಯುತ್ತಾಳೆ: “ಎದೆ ಹೊಡೆದುಕೊಂಡಿತು, ಬೆವೆತೆ, ಬೀಳಲಿಲ್ಲ.” ಹಳೆಯ ಭಯದ ನೆನಪು ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ “ಇಲ್ಲಿ ಏನೂ ಆಗಲಿಲ್ಲ” ಎಂಬ ಹೊಸ ನೆನಪು ಬೆಳೆದು ಅದನ್ನು ಹಿಮ್ಮೆಟ್ಟಿಸುತ್ತದೆ ಎಂಬುದು ಈಗಿನ ತಿಳಿವಳಿಕೆ. ಅಮೆರಿಕದ ಮನೋವಿಜ್ಞಾನಿ ಮಿಶೆಲ್ ಕ್ರಾಸ್ಕ್ ಮತ್ತು ಸಂಗಡಿಗರು ಈ ವಿಚಾರವನ್ನು ಬೆಳೆಸಿದವರು. ಭಯದ ನಿರೀಕ್ಷೆಗೂ ನಡೆದ ಸಂಗತಿಗೂ ಅಂತರ ಹೆಚ್ಚಿದಷ್ಟೂ ಹೊಸ ನೆನಪು ಗಟ್ಟಿಯಾಗುತ್ತದೆ. ಆದ್ದರಿಂದ ಚೀಟಿಯ ಕೆಲಸ ಸಣ್ಣದಲ್ಲ.

ಇನ್ನು ಕೆಲವು ನಿಯಮಗಳಿವೆ. ಭಯ ಏರಿದ ತುದಿಯಲ್ಲಿ ಇಳಿದುಬಿಡಬಾರದು. ಪ್ಯಾನಿಕ್ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿ ಇಳಿಯತೊಡಗುತ್ತದೆ, ಆ ಇಳಿತವನ್ನು ಮೈ ಅನುಭವಿಸಬೇಕು. ಒಂದೇ ಮೆಟ್ಟಿಲನ್ನು ಹಲವು ದಿನ, ಸಾಧ್ಯವಾದರೆ ದಿನವೂ ಮಾಡಬೇಕು. ತಿಂಗಳಿಗೊಮ್ಮೆ ಮಾಡಿದರೆ ಪ್ರತಿಸಲವೂ ಹೊಸದಾಗಿ ಹೆದರಬೇಕಾಗುತ್ತದೆ. ಊರುಗೋಲುಗಳನ್ನು ಒಂದೊಂದಾಗಿ ಬಿಡಬೇಕು, ಮೊದಲು ಬಾಗಿಲ ಪಕ್ಕದ ಸೀಟು, ಆಮೇಲೆ ಬಾಟಲಿ, ಆಮೇಲೆ ಮಗ. ಕಲಿತ ಮೇಲೆ ಬೇರೆ ಬಸ್ಸು, ಬೇರೆ ದಾರಿ, ಬೇರೆ ಹೊತ್ತಿನಲ್ಲೂ ಮಾಡಬೇಕು. ಇಲ್ಲದಿದ್ದರೆ ಧೈರ್ಯ ಒಂದೇ ಬಸ್ಸಿಗೆ ಅಂಟಿಕೊಳ್ಳುತ್ತದೆ. ಒಂದು ದಿನ ಆಗಲಿಲ್ಲವೆಂದರೆ ಸೋತೆನೆಂದು ಕೈಚೆಲ್ಲುವುದಕ್ಕಿಂತ ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತುವುದು ಮೇಲು.

ಭಯ ಬೇರೆಯಾದರೆ ಬಗೆಯೂ ಬೇರೆ

ಬೇರೆ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ರಕ್ತ ಮತ್ತು ಸೂಜಿಯ ಭಯದಲ್ಲಿ ಮೊದಲು ಏರಿ ಆಮೇಲೆ ಧಡಕ್ಕನೆ ಕುಸಿಯುತ್ತದೆ, ಅದಕ್ಕೇ ಕೆಲವರು ನಿಜಕ್ಕೂ ಪ್ರಜ್ಞೆ ತಪ್ಪುತ್ತಾರೆ. ಇವರಿಗೆ ಮೈ ಸಡಿಲಿಸುವುದನ್ನು ಕಲಿಸಿದರೆ ಕುಸಿತಕ್ಕೆ ಇನ್ನಷ್ಟು ದಾರಿ ಮಾಡಿಕೊಟ್ಟಂತೆ. ಓಸ್ಟ್ ಇದರ ಉಲ್ಟಾ ಕ್ರಮ ರೂಪಿಸಿದರು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು–ಹದಿನೈದು ಸೆಕೆಂಡು ಬಿಗಿಹಿಡಿಯುವುದು, ಮುಖ ಬಿಸಿಯೇರಿದಾಗ ಬಿಡುವುದು, ಅರ್ಧ ನಿಮಿಷ ಬಿಟ್ಟು ಮತ್ತೆ ಬಿಗಿಯುವುದು. ಇದನ್ನು ರೂಢಿಸಿಕೊಂಡು ಸೂಜಿಯ ಏಣಿ ಹತ್ತಿದರೆ ತಲೆ ಸುತ್ತುವುದು ತಪ್ಪುತ್ತದೆ.

ಗೀಳು ಕಾಯಿಲೆಯಲ್ಲೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಬಾಗಿಲ ಹಿಡಿಕೆ ಮುಟ್ಟಿದ ಮೇಲೆ ಹತ್ತು ಸಲ ಕೈ ತೊಳೆಯುವವರು ಹಿಡಿಕೆ ಮುಟ್ಟಬೇಕು, ಕೈ ತೊಳೆಯದೆ ಕೂರಬೇಕು. ವಿಕ್ಟರ್ ಮೇಯರ್ 1966ರಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಚಿಕಿತ್ಸೆ ಕೊಟ್ಟು ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆ ಪ್ರತ್ಯೇಕ ಕ್ಲಿನಿಕ್ಕೇ ಇದೆ, ಅಲ್ಲೂ ಈ ಪದ್ಧತಿ ಚಿಕಿತ್ಸೆಯ ಮುಖ್ಯ ಭಾಗ.

ಮಾತು ತೊದಲುವವರ ಚಿಕಿತ್ಸೆಯಲ್ಲೂ ಮಾತಾಡುವ ಭಯವನ್ನು ಇಳಿಸುವುದು ಒಂದು ಹಂತ. ಮೊದಲು ಚಿಕಿತ್ಸಕರೆದುರು, ಆಮೇಲೆ ಫೋನಿನಲ್ಲಿ, ಆಮೇಲೆ ಅಂಗಡಿಯಲ್ಲಿ, ಕೊನೆಗೆ ಸಭೆಯಲ್ಲಿ. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಸೀಮೆಯವರಿಗೆ ಕೈಗೆಟುಕುವ ದೂರದಲ್ಲೇ ಇದೆ. ನಿಜವಾಗಿ ಎದುರಿಸಲು ಕಷ್ಟವಾದ ವಿಮಾನಯಾನ, ಎತ್ತರಗಳಿಗೆ 1990ರ ದಶಕದಿಂದ ಕಂಪ್ಯೂಟರ್ ಸೃಷ್ಟಿಸಿದ ದೃಶ್ಯಗಳನ್ನೂ ಬಳಸುತ್ತಿದ್ದಾರೆ.

ನೂಕಿದರೆ ಕಲಿತಾರೆಯೇ?

ನಮ್ಮ ಹಳ್ಳಿಗಳಲ್ಲಿ ಭಯಕ್ಕೆ ಎರಡು ಮದ್ದು ಚಾಲ್ತಿಯಲ್ಲಿವೆ. ಒಂದು ಮರೆಮಾಡುವುದು: “ಪಾಪ, ಹೆದರ್ತಾನೆ, ಕಳಿಸ್ಬ್ಯಾಡ ಬುಡು.” ಇನ್ನೊಂದು ನೂಕುವುದು: “ಏನೂ ಆಗಲ್ಲ, ಎತ್ತಿ ಬಾವಿಗೆ ಹಾಕು, ಈಜು ತಾನೇ ಬತ್ತದೆ.” ಮೊದಲನೆಯದು ಭಯಕ್ಕೆ ನೀರೆರೆಯುತ್ತದೆ. ಎರಡನೆಯದರಿಂದ ಕೆಲವರು ಈಜು ಕಲಿತಿರಬಹುದು, ಅವರೇ ಆ ಕತೆ ಹೇಳುತ್ತಾರೆ. ಅಂದಿನಿಂದ ಬಾವಿಯ ಕಡೆ ಮುಖ ಹಾಕದವರು ಕತೆ ಹೇಳುವುದಿಲ್ಲ. ಅತಿ ದೊಡ್ಡ ಭಯವನ್ನು ನೇರವಾಗಿ ಎದುರಿಸುವ ಪದ್ಧತಿ ಮನೋವೈದ್ಯಕೀಯದಲ್ಲೂ ಇದೆ. ಅದು ನಡೆಯುವುದು ರೋಗಿಯ ಒಪ್ಪಿಗೆಯಿಂದ, ತರಬೇತಾದವರ ಸಮ್ಮುಖದಲ್ಲಿ, ಭಯ ಇಳಿಯುವಷ್ಟು ಹೊತ್ತು ಅಲ್ಲೇ ಇದ್ದು. ಮಗುವನ್ನು ಹಿಂದಿನಿಂದ ನೂಕಿ, ಅದು ಕಿರುಚಿದಾಗ ನಕ್ಕು ಎತ್ತಿಕೊಳ್ಳುವುದು ಚಿಕಿತ್ಸೆಯಲ್ಲ. ಆ ಮಗು ಕಲಿಯುವುದು ಎರಡು ಭಯಗಳನ್ನು, ನೀರಿನದೊಂದು, ನೂಕಿದವರದೊಂದು.

ಸ್ವಂತವಾಗಿ ಏಣಿ ಹತ್ತಬಾರದವರೂ ಇದ್ದಾರೆ. ಹೃದ್ರೋಗ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಎದೆನೋವು, ತಲೆಸುತ್ತು ಮೊದಲ ಸಲ ಬಂದಾಗ ಆತಂಕವೆಂದು ತಾವೇ ತೀರ್ಮಾನಿಸದೆ ಪರೀಕ್ಷೆ ಮಾಡಿಸಬೇಕು. ಆನೆ ದಾಳಿ, ಅಪಘಾತ, ಹಲ್ಲೆಯಂಥ ಆಘಾತ ಕಂಡವರು, ಬದುಕೇ ಬೇಡವೆನ್ನುವಷ್ಟು ಖಿನ್ನರಾದವರು ತಜ್ಞರ ಕೈ ಹಿಡಿದೇ ಮುಂದುವರಿಯಬೇಕು. ಆತಂಕಕ್ಕೆ ಒಳ್ಳೆಯ ಮಾತ್ರೆಗಳಿವೆ, ಹಲವರಿಗೆ ಮಾತ್ರೆ ಮತ್ತು ತಾಲೀಮು ಎರಡೂ ಬೇಕಾಗುತ್ತದೆ. ಔಷಧದ ಅಂಗಡಿಯಿಂದ ತಾವಾಗಿ ಕೊಂಡ ನಿದ್ದೆ–ನೆಮ್ಮದಿಯ ಗುಳಿಗೆಯನ್ನು ಪ್ರತಿಸಲ ಬಸ್ಸು ಹತ್ತುವ ಮೊದಲು ನುಂಗಿದರೆ ಮಾತ್ರ ಚಟವೂ ಹತ್ತುತ್ತದೆ, ಮನಸ್ಸು ಕಲಿಯಬೇಕಾದ ಪಾಠವೂ ತಪ್ಪುತ್ತದೆ.

ಎಲ್ಲಿ ಕೇಳುವುದು?

ಇಷ್ಟು ಸರಳವಾದ, ಇಷ್ಟು ಪರೀಕ್ಷೆಗೆ ನಿಂತ ಚಿಕಿತ್ಸೆ ಬೇಕಾದವರನ್ನು ಮುಟ್ಟಿಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆ ಇರುವವರಲ್ಲಿ ಶೇ 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದಾರೆ. ಹಳ್ಳಿಗೆ ಮಾನಸಿಕ ಚಿಕಿತ್ಸೆ ಒಯ್ಯುವ ದೇಶದ ಮಾದರಿ ಹುಟ್ಟಿದ್ದು ಕರ್ನಾಟಕದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಮನಸ್ಸಿನ ಕಾಯಿಲೆಗಳನ್ನು ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅಂಥವರ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ಕುಗಳನ್ನು ಏರ್ಪಡಿಸಲಾಗಿದೆ, ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ತಿಳಿಯುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸಕರ ಬಳಿ ಹೋದಾಗ “ಮಾತ್ರೆಯ ಜೊತೆಗೆ ಹಂತಹಂತವಾಗಿ ಎದುರಿಸುವುದನ್ನೂ ಹೇಳಿಕೊಡಿ” ಎಂದು ಕೇಳುವ ಹಕ್ಕು ರೋಗಿಗಿದೆ.

ಕಾಡಿನಿಂದ ಬಂದ ಆನೆ ಮೊದಲ ದಿನವೇ ಕುಶಾಲತೋಪಿನ ಪಕ್ಕ ನಿಲ್ಲಬೇಕೆಂದು ನಾವು ಯಾರೂ ಬಯಸುವುದಿಲ್ಲ. ಅದಕ್ಕೆ ವಾರಗಟ್ಟಲೆ ಸಮಯ ಕೊಡುತ್ತೇವೆ, ಕಬ್ಬು–ಬೆಲ್ಲ ಕೊಡುತ್ತೇವೆ, ಜೊತೆಗೆ ಮಾವುತನನ್ನು ಕೊಡುತ್ತೇವೆ. ನಾಯಿಗೆ ಹೆದರುವ ಮಗುವಿಗೆ, ಬಸ್ಸಿಗೆ ಹೆದರುವ ಸೊಸೆಗೆ, ವೇದಿಕೆಗೆ ಹೆದರುವ ವಿದ್ಯಾರ್ಥಿಗೆ ಅಷ್ಟು ತಾಳ್ಮೆಯನ್ನಾದರೂ ಕೊಡಬೇಡವೇ? ನಿಮ್ಮ ಮನೆಯಲ್ಲಿ ಹೀಗೆ ಹೆದರುವವರಿದ್ದರೆ ಅವರನ್ನು ಗೇಲಿ ಮಾಡಬೇಡಿ, ನೂಕಬೇಡಿ, ಎತ್ತಿಕೊಂಡು ಓಡಿಯೂ ಹೋಗಬೇಡಿ. ಅವರು ಹತ್ತಬಲ್ಲ ಮೊದಲ ಮೆಟ್ಟಿಲು ಯಾವುದೆಂದು ಅವರನ್ನೇ ಕೇಳಿ, ಅಲ್ಲಿ ಭಯ ಇಳಿಯುವವರೆಗೆ ಜೊತೆಗೆ ನಿಲ್ಲಿ. ಅದಕ್ಕೂ ಆಗದಿದ್ದರೆ 14416ಕ್ಕೆ ಒಂದು ಕರೆ ಮಾಡಿ.